ಕೆಂಪು ಬೆಳಕಿಗೆ ಕೆಂಪು ಕನ್ನಡಕ

ಸೋಮವಾರ ಬೆಳಿಗ್ಗೆ ಬಸವಪ್ರಭು ಮೊದಲು ಪೇಪರ್ ಅಚ್ಚು ಹಾಕುವವರನ್ನು ಬೈದ. ಆಮೇಲೆ ಟ್ಯೂಬ್‌ಲೈಟನ್ನು ಬೈದ. ಕೊನೆಗೆ ಕನ್ನಡಕ ತೆಗೆದು ಲುಂಗಿಯ ತುದಿಯಿಂದ ಉಜ್ಜಿ ಉಜ್ಜಿ ಒರೆಸಿದ. ಏನು ಮಾಡಿದರೂ ಓದುವ ಸಾಲಿನ ನಡುವೆ ಒಂದು ಮಸುಕು ಚುಕ್ಕೆ ಕೂತೇ ಇತ್ತು. ಅವನು ಮುಂದಿನ ಪದಕ್ಕೆ ಹೋದರೆ ಚುಕ್ಕೆಯೂ ಮುಂದಿನ ಪದಕ್ಕೆ ಬರುತ್ತಿತ್ತು. ಎಡಗಣ್ಣು ಮುಚ್ಚಿಕೊಂಡರಂತೂ ಪದದ ನಡುವಿನ ಅಕ್ಷರವೇ ಮಾಯ. ಬಲಗಣ್ಣು ಮುಚ್ಚಿಕೊಂಡರೆ ಎಲ್ಲ ಸರಿ. ಎರಡೂ ತೆರೆದರೆ ಮತ್ತೆ ಅದೇ ಮಸುಕು.

ಯಾರ ಮನೆಯಲ್ಲಾದರೂ ನಡೆಯುವುದು ಇದೇ. ಕಣ್ಣು ಮಂಜಾದರೆ ಮೊದಲು ಲೈಟು ಬದಲಾಯಿಸುತ್ತೇವೆ, ಆಮೇಲೆ ಕನ್ನಡಕ ಒರೆಸುತ್ತೇವೆ. ಕಣ್ಣಿನ ಸರದಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಬಸವಪ್ರಭುವಿನ ಮನೆಯಲ್ಲಿ ಆ ಸರದಿ ಬರಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನ ಅವನು ಪಟ್ಟ ಗೊಂದಲ ಅಷ್ಟಿಷ್ಟಲ್ಲ.

“ಯಾಕ್ರಿ, ಒಂದ ಕಣ್ಣು ಮುಚ್ಚಿ ಓದಾಕತ್ತೀರಿ?” ಎಂದು ಹೆಂಡತಿ ಆಶಾರಾಣಿ ಕೇಳಿದಳು. ನಿದ್ದೆ ಸಾಲದು, ಅಷ್ಟೇ ಎಂದು ಹೇಳಿ ಅವನು ಬಸ್ಸಿಗೆ ಓಡಿದ.

ಬಸವಪ್ರಭು ರಾಣೆಬೆನ್ನೂರು ಕಡೆಯವನು. ಬೆಂಗಳೂರಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಹೊಸ ತಿಪ್ಪಸಂದ್ರದಲ್ಲಿ ರಾಮಾಂಜಿನಪ್ಪನವರ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದ. ಕೆ.ಆರ್. ಪುರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವನಿಗೆ ತಪಾಸಣೆಯ ಕೆಲಸ. ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಬಲಗಣ್ಣಿಗೆ ಭೂತಗನ್ನಡಿ ಹಿಡಿದು ನೋಡಬೇಕು. ಒಳ್ಳೆಯದನ್ನು ಒಂದು ಟ್ರೇಗೆ ಹಾಕಬೇಕು, ಕೂದಲೆಳೆಯಷ್ಟು ಬಿರುಕು ಕಂಡರೂ ಇನ್ನೊಂದಕ್ಕೆ ಹಾಕಬೇಕು. ಆ ಬಲಗಣ್ಣಿನಿಂದಲೇ ಮನೆ ನಡೆಯುತ್ತಿತ್ತು ಎಂದರೆ ತಪ್ಪಿಲ್ಲ.

ಭಾನುವಾರ ಬಂತೆಂದರೆ ಅವನು ಬೇರೆಯೇ ಮನುಷ್ಯ. ಬೆಳಿಗ್ಗೆ ಶಿವಾಜಿನಗರದ ಗುಜರಿಗೆ ಹೋಗಿ, ಹಳೆಯ ಕಂಪ್ಯೂಟರುಗಳ ರಾಶಿಯಲ್ಲಿ ಕೈಯಾಡಿಸಿ, ಕೆಟ್ಟುಹೋದ ಡಿವಿಡಿ ರೈಟರುಗಳನ್ನು ಆರಿಸಿ ತರುತ್ತಿದ್ದ. ಡಿವಿಡಿಯ ಮೇಲೆ ಸಿನಿಮಾ ಬರೆಯುವುದಕ್ಕೆ ಅದರ ಹೊಟ್ಟೆಯಲ್ಲಿ ಕಡಲೆಕಾಳಿಗಿಂತ ಚಿಕ್ಕದಾದ ಒಂದು ಕೆಂಪು ಲೇಸರ್ ಡಯೋಡ್ ಇರುತ್ತದೆ. ಅದನ್ನು ಬಿಡಿಸಿ ತೆಗೆದು, ಕಾವು ಇಳಿಯಲೆಂದು ಅಲ್ಯೂಮಿನಿಯಂ ತುಂಡಿನಲ್ಲಿ ಕೂರಿಸಿ, ಕರೆಂಟು ಮಿತಿ ಮೀರದಂತೆ ಒಂದು ಸಣ್ಣ ಸರ್ಕ್ಯೂಟ್ ಕಟ್ಟಿ, ಮುಂದೊಂದು ಲೆನ್ಸ್ ಇಟ್ಟರೆ ಲೇಸರ್ ತಯಾರು. ಮೊದಲ ಎರಡು ಡಯೋಡ್ ಸುಟ್ಟುಹೋದವು. ಮೂರನೆಯದು ಹತ್ತಿತು. ಒಂದು ಮಾರು ದೂರದಿಂದ ಬೆಂಕಿಕಡ್ಡಿಯ ತಲೆಗೆ ಹಿಡಿದರೆ ಕಡ್ಡಿ ತಾನೇ ಹೊತ್ತಿಕೊಳ್ಳುತ್ತಿತ್ತು. ಎಂಟು ವರ್ಷದ ಮಗಳು ಶಿವಾನಿ ಚಪ್ಪಾಳೆ ತಟ್ಟಿದಳು. ಕಡ್ಡಿಗೆ ಬೆಂಕಿ ಹಚ್ಚುವ ಬೆಳಕು ಕಣ್ಣಿಗೆ ಏನು ಮಾಡೀತು ಎಂಬುದು ಮಾತ್ರ ಅಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಅದು ಎರಡು ಸಾವಿರದ ಎಂಟನೆಯ ಇಸವಿಯ ನವೆಂಬರ್. ಬೆಂಗಳೂರಿನಲ್ಲಿ ರಾಜ್ಯೋತ್ಸವ ಒಂದನೇ ತಾರೀಖಿಗೆ ಮುಗಿಯುವ ಹಬ್ಬವಲ್ಲ ಎಂಬುದು ನಿಮಗೆ ಗೊತ್ತೇ ಇದೆ. ತಿಂಗಳಿಡೀ ಒಂದೊಂದು ಭಾನುವಾರ ಒಂದೊಂದು ರಸ್ತೆ. ಪಕ್ಕದ ರಸ್ತೆಯವರು ಎರಡೆರಡು ಆರ್ಕೆಸ್ಟ್ರಾ ಕರೆಸಿದ್ದರು. ಈ ರಸ್ತೆಯ ರಾಜ್ಯೋತ್ಸವ ಸಂಘದ ಅಧ್ಯಕ್ಷರಾದ ರಾಮಾಂಜಿನಪ್ಪನವರಿಗೆ ಅದನ್ನು ಮೀರಿಸುವ ಹಟ. ಹೀಗಿರುವಾಗ ಮಹಡಿಯ ಮೇಲಿನ ಬಾಡಿಗೆದಾರ ಗೋಡೆಯ ಮೇಲೆ ಕೆಂಪು ಬೆಳಕಿನಲ್ಲಿ ಚಕ್ರ ಬಿಡಿಸುತ್ತಾನೆಂದು ಅವರ ಕಿವಿಗೆ ಬಿತ್ತು. ಮೇಲೆ ಬಂದು ನೋಡಿದರು. ಕಂಪ್ಯೂಟರಿನ ಎರಡು ಸಣ್ಣ ಫ್ಯಾನುಗಳಿಗೆ ಕನ್ನಡಿಯ ಚೂರು ಅಂಟಿಸಿ, ಲೇಸರ್ ಕಿರಣವನ್ನು ಅವುಗಳ ಮೇಲೆ ಬಿಟ್ಟಿದ್ದ. ಗೋಡೆಯ ತುಂಬ ಕೆಂಪು ಸುತ್ತುಗಳು ಹೂವಿನಂತೆ ಅರಳಿ ಮುದುಡುತ್ತಿದ್ದವು. ಪೆಂಡಾಲಿನಲ್ಲಿ ಹಳದಿ ಪರದೆ ಕಟ್ಟಿ ಅದರ ಮೇಲೆ ಈ ಕೆಂಪು ಬೆಳಕು ಬಿಟ್ಟರೆ ಕನ್ನಡ ಬಾವುಟದ ಎರಡೂ ಬಣ್ಣ ಸೇರಿದಂತಾಯಿತು ಎಂದು ರಾಮಾಂಜಿನಪ್ಪ ಅಲ್ಲೇ ತೀರ್ಮಾನ ಮಾಡಿಬಿಟ್ಟರು. ನವೆಂಬರ್ ಮೂರನೆಯ ಭಾನುವಾರ ಸಂಜೆ ‘ಲೇಸರ್ ಶೋ’ ಎಂದು ಕೆಂಪಕ್ಷರದ ಕರಪತ್ರವೂ ಅಚ್ಚಾಯಿತು.

ಬಸವಪ್ರಭು ಅಜಾಗರೂಕ ಮನುಷ್ಯನೇನಲ್ಲ. ಲೇಸರ್ ಕಣ್ಣಿಗೆ ಒಳ್ಳೆಯದಲ್ಲ ಎಂದು ಎಲ್ಲೋ ಓದಿದ್ದ. ಅದಕ್ಕೇ ಗುಜರಿಯಲ್ಲಿ ಗಾಗಲ್ ಹುಡುಕಿದ್ದ. ಸಿಕ್ಕಿದ್ದು ದಪ್ಪ ರಬ್ಬರ್ ಅಂಚಿನ, ಕಡುಗೆಂಪು ಗಾಜಿನ ಹಳೆಯ ಗಾಗಲ್. ಎಕ್ಸ್‌ರೇ ಡಾಕ್ಟರುಗಳು ಹಾಕಿಕೊಳ್ಳುತ್ತಿದ್ದುದು ಎಂದು ಅಂಗಡಿಯವನು ಆಣೆಯಿಟ್ಟು ಹೇಳಿದ. ಮೈ ತೂರಿ ಹೋಗುವ ಎಕ್ಸ್‌ರೇಯನ್ನೇ ತಡೆಯುವುದು ಈ ಬೆಳಕನ್ನು ತಡೆಯದೇ ಇರುತ್ತದೆಯೇ ಎಂಬುದು ಬಸವಪ್ರಭುವಿನ ಲೆಕ್ಕ. ಮೇಲಾಗಿ ಬೆಳಕೂ ಕೆಂಪು, ಗಾಜೂ ಕೆಂಪು. ಸೀರೆಗೆ ರವಿಕೆ ಹೊಂದಿಸಿದಂತೆ ಹೊಂದಿತು. ಮನೆಗೆ ತಂದು ಹಾಕಿಕೊಂಡು ನೋಡಿದರೆ ಕರಪತ್ರದ ಕೆಂಪು ಅಕ್ಷರಗಳು ಹೆಚ್ಚುಕಡಿಮೆ ಕಾಣದೇ ಹೋದವು. ಇನ್ನೇನು ಬೇಕು? ಗಾಗಲ್ ಕೆಂಪನ್ನೆಲ್ಲ ನುಂಗಿಬಿಡುತ್ತದೆ ಎಂದು ಅವನ ಎದೆ ಉಬ್ಬಿತು.

ಹಬ್ಬಕ್ಕೆ ಒಂದು ವಾರ ಮುಂಚಿನ ಭಾನುವಾರ ಮಧ್ಯಾಹ್ನ ಅವನು ಆ ಗಾಗಲ್ ಹಾಕಿಕೊಂಡೇ ಕನ್ನಡಿ ಚೂರುಗಳನ್ನು ಸರಿಹೊಂದಿಸುತ್ತಿದ್ದ. ಆಶಾರಾಣಿ ಕಾಫಿ ತಂದಿಟ್ಟು, ಆರದಿರಲೆಂದು ಲೋಟದ ಮೇಲೆ ಚಪ್ಪಟೆಯಾದ ಸ್ಟೀಲ್ ಮುಚ್ಚಳ ಮುಚ್ಚಿ ಹೋದಳು. ಲೇಸರ್ ಸ್ವಲ್ಪ ಜಾರಿತು. ಕಿರಣ ಮುಚ್ಚಳಕ್ಕೆ ತಾಗಿ ಮೇಲಕ್ಕೆ ಹಾರಿತು. ಬಲಗಣ್ಣಿನಲ್ಲಿ ಫಳಕ್ಕೆಂದು ಒಂದು ಮಿಂಚು. ಅವನು ಕಣ್ಣು ಪಿಳುಕಿಸಿದ. ನೋವಿಲ್ಲ, ಉರಿಯಿಲ್ಲ, ನೀರಿಲ್ಲ. ಲೇಸರನ್ನು ಮತ್ತೆ ನೆಟ್ಟಗೆ ಕೂರಿಸಿ ಕಾಫಿ ಕುಡಿದು ಮರೆತುಬಿಟ್ಟ.

ಮಾರನೆಯ ದಿನದ ಕಥೆ ಆಗಲೇ ಹೇಳಿದ್ದೇನೆ. ಮಂಗಳವಾರ ವರ್ಕ್‌ಶಾಪಿನಲ್ಲಿ ಭೂತಗನ್ನಡಿ ಹಿಡಿದರೆ ನೋಡಬೇಕಾದ ಜಾಗವೇ ಕಾಣಿಸಲೊಲ್ಲದು. ಸುತ್ತಮುತ್ತ ಎಲ್ಲ ಸ್ಪಷ್ಟ, ನಟ್ಟ ನಡುವೆ ಬೂದಿ ಬಣ್ಣದ ಚುಕ್ಕೆ. ಕನ್ನಡಿ ಕೊಳೆಯಾಗಿದೆ ಎಂದು ಸ್ಟೋರಿನಿಂದ ಬೇರೆ ತರಿಸಿದ. ಅದರಲ್ಲೂ ಅದೇ ಚುಕ್ಕೆ. ಎರಡು ಕನ್ನಡಿಗೂ ಒಂದೇ ಜಾಗದಲ್ಲಿ ಕೊಳೆಯಾಗಲು ಸಾಧ್ಯವೇ ಎಂದು ತಲೆ ಕೆರೆದುಕೊಂಡ. ಬುಧವಾರ ಅವನು ಸರಿಯಿದೆ ಎಂದು ಬಿಟ್ಟ ಹನ್ನೊಂದು ಭಾಗಗಳಲ್ಲಿ ಮೂರು ಬಿರುಕು ಬಿಟ್ಟಿದ್ದವೆಂದು ಮೇಸ್ತ್ರಿ ವಾಪಸ್ ತಂದ. ಹದಿನಾಲ್ಕು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಲೇಸರ್ ನೆನಪಾಗಲಿಲ್ಲವೇ ಎಂದರೆ, ಆಯಿತು. ಆದರೆ ಗಾಗಲ್ ಹಾಕಿದ್ದೆನಲ್ಲ ಎಂದು ಅವನೇ ಉತ್ತರ ಹೇಳಿಕೊಂಡ. ನೋವೂ ಆಗಿಲ್ಲವಲ್ಲ ಎಂದು ಇನ್ನೊಂದು ಉತ್ತರ. ಹಾಗಾದರೆ ಇದೇನು? ಸಕ್ಕರೆ ಕಾಯಿಲೆಯೇ? ವಯಸ್ಸೇ? ಮೂವತ್ತೆಂಟಕ್ಕೇ? ಬಸ್ಸಿನಲ್ಲಿ ಕೂತು ಒಂದು ಸಲ ಆ ಕಣ್ಣು, ಒಂದು ಸಲ ಈ ಕಣ್ಣು ಮುಚ್ಚಿ ತೆರೆದು ಮಾಡುತ್ತಿದ್ದವನನ್ನು ನೋಡಿ ಎದುರು ಸೀಟಿನ ಹೆಂಗಸು ಮುಖ ತಿರುಗಿಸಿಕೊಂಡಳು. ಭಯ ಅಂದರೆ ಏನೆಂದು ಅವನಿಗೆ ಅಂದು ತಿಳಿಯಿತು. ಏನಾಗಿದೆ ಎಂದು ಗೊತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಗುರುವಾರ ಅರ್ಧ ದಿನ ರಜೆ ಹಾಕಿ ಶಿವಾಜಿನಗರದ ಕನ್ನಡಕದ ಅಂಗಡಿಗೆ ಹೋದ. ಕನ್ನಡಕದ ನಂಬರ್ ತಪ್ಪಾಗಿದೆ ಎಂದು ಜಗಳ ಮಾಡುವುದೇ ಅವನ ಉದ್ದೇಶ. ಅಲ್ಲಿ ಕಣ್ಣು ಪರೀಕ್ಷೆ ಮಾಡುವವರು ಶಕೀಲಾ. ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯ ಮುಂದೆ ನಿಂತು ಕಣ್ಣು ನೋಡುತ್ತಿರುವವರು. ಬಸವಪ್ರಭುವಿನ ಮೂರು ಕನ್ನಡಕಕ್ಕೂ ನಂಬರ್ ಕೊಟ್ಟವರು ಅವರೇ. ಅವನ ದೂರನ್ನೆಲ್ಲ ತಾಳ್ಮೆಯಿಂದ ಕೇಳಿ, ಗಾಜು ಬದಲಾಯಿಸಿ ಬದಲಾಯಿಸಿ ನೋಡಿದರು.

“ನಂಬರ್ ಏನೂ ಬದಲಾಗಿಲ್ಲ ಸಾರ್. ಇದು ಕನ್ನಡಕದ ತಪ್ಪಲ್ಲ,” ಎಂದರು.

ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಮಕ್ಕಳ ಲೆಕ್ಕದ ಪುಸ್ತಕದಂತೆ ಅದರ ತುಂಬ ಚೌಕಗಳು, ನಟ್ಟ ನಡುವೆ ಒಂದು ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ ಆ ಚುಕ್ಕೆಯನ್ನೇ ನೋಡಿ ಎಂದರು.

“ಯಾವ ಚುಕ್ಕೆ ಮೇಡಂ?” ಎಂದು ಬಸವಪ್ರಭು ಕೇಳಿದ.

ಶಕೀಲಾ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಚೌಕ ತೋರಿಸುತ್ತಾ ಕೇಳಿದರು. ಚುಕ್ಕೆಯಷ್ಟೇ ಅಲ್ಲ, ಅದರ ಸುತ್ತಲಿನ ನಾಲ್ಕು ಚೌಕಗಳೂ ಅವನಿಗೆ ಕಾಣುತ್ತಿರಲಿಲ್ಲ. ಆ ಜಾಗದ ಅಂಚಿನ ಗೆರೆಗಳು ಒಳಕ್ಕೆ ಬಾಗಿದಂತೆ ಕಂಡವು. ಆಗಸ್ಟಿನಲ್ಲಿ ಗ್ರಹಣವಾದಾಗ ಸೂರ್ಯನನ್ನು ನೋಡಿದಿರಾ ಎಂದು ಅವರು ಕೇಳಿದರು. ಇಲ್ಲ ಎಂದ. ವೆಲ್ಡಿಂಗ್ ಮಾಡುವ ಕಡೆ ನಿಂತಿದ್ದಿರಾ ಎಂದರು. ಅದೂ ಇಲ್ಲ. ಮತ್ತೆ ಯಾವುದಾದರೂ ಜೋರು ಬೆಳಕು, ಲೇಸರ್ ಗೀಸರ್?

ಬಸವಪ್ರಭು ನಕ್ಕ. “ಲೇಸರ್ ಮಾಡ್ತೀನಿ ಮೇಡಂ, ಆದ್ರೆ ಗಾಗಲ್ ಹಾಕ್ಕೊಂಡೇ ಮಾಡೋದು. ಎಕ್ಸ್‌ರೇ ಡಾಕ್ಟ್ರುಗಳದ್ದು.” ವರ್ಕ್‌ಶಾಪಿನ ಗೆಳೆಯರಿಗೆ ತೋರಿಸಲೆಂದು ಒಯ್ದಿದ್ದ ಗಾಗಲ್ ಚೀಲದಲ್ಲೇ ಇತ್ತು. ಹೆಮ್ಮೆಯಿಂದ ತೆಗೆದು ಮೇಜಿನ ಮೇಲಿಟ್ಟ.

ಶಕೀಲಾ ಅದನ್ನು ತಿರುಗಿಸಿ ನೋಡಿದರು. ಒಂದು ಬಿಳಿ ಹಾಳೆಯ ಮೇಲೆ ಕೆಂಪು ಸ್ಕೆಚ್ ಪೆನ್ನಿನಿಂದ ಅವನ ಹೆಸರು ಬರೆದು, ಗಾಗಲ್ ಹಾಕಿಕೊಂಡು ಓದಲು ಹೇಳಿದರು. ಅವನು ಎರಡು ಕಣ್ಣಿನಿಂದಲೂ ನೋಡಿದ. ಹಾಳೆಯೆಲ್ಲ ಕೆಂಪಾಗಿ, ಬರಹ ಹೆಚ್ಚುಕಡಿಮೆ ಅಳಿಸಿಹೋದಂತೆ ಕಂಡಿತು.

“ಅಕ್ಷರ ಎಲ್ಲಿ ಹೋಯ್ತು ಸಾರ್?”

“ಗಾಗಲ್ ತಡೀತು. ನಮ್ಮ ಕರಪತ್ರದ ಕೆಂಪು ಅಕ್ಷರನೂ ಹಿಂಗೇ ಮಾಯ ಆಗಿತ್ತು ಮೇಡಂ.”

“ತಡೀಲಿಲ್ಲ ಸಾರ್. ಕೆಂಪು ಗಾಜು ಕೆಂಪು ಬೆಳಕನ್ನ ಆರಾಮಾಗಿ ಒಳಗೆ ಬಿಡುತ್ತೆ. ಬಿಳಿ ಹಾಳೆನೂ ಕೆಂಪಾಯ್ತು, ಅಕ್ಷರ ಮೊದಲೇ ಕೆಂಪು. ಅದಕ್ಕೇ ಬೇರೆ ಬೇರೆ ಕಾಣ್ತಿಲ್ಲ. ನಿಮ್ಮ ಕರಪತ್ರದಲ್ಲೂ ಹಿಂಗೇ ಆಗಿರೋದು. ನೀವು ಕೆಂಪು ಬೆಳಕು ನಿಂತೋಯ್ತು ಅಂದ್ಕೊಂಡ್ರಿ. ಲೇಸರ್ ನೇರ ಕಣ್ಣೊಳಗೆ ಬಂತು.”

ಹಳೆಯ ಕಾಲದ ಎಕ್ಸ್‌ರೇ ಡಾಕ್ಟರುಗಳು ಆ ಗಾಗಲನ್ನು ಯಾಕೆ ಹಾಕಿಕೊಳ್ಳುತ್ತಿದ್ದರೆಂದೂ ಅವರು ವಿವರಿಸಿದರು. ಕತ್ತಲ ಕೋಣೆಗೆ ಹೋಗುವ ಮುಂಚೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ ಎಂದು ಹೊರಗೆ ಓಡಾಡುವಾಗ ಹಾಕಿಕೊಳ್ಳುತ್ತಿದ್ದರು. ಎಕ್ಸ್‌ರೇ ತಡೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಂಪು ಲೇಸರನ್ನು ತಡೆಯುವ ಕನ್ನಡಕ ಸಾಮಾನ್ಯವಾಗಿ ಹಸಿರೋ ನೀಲಿಯೋ ಇರುತ್ತದೆ. ಹಾಗೆಂದು ಬಣ್ಣ ನೋಡಿ ಕೊಳ್ಳುವಂತೆಯೂ ಇಲ್ಲ. ಯಾವ ಲೇಸರನ್ನು ಎಷ್ಟು ತಡೆಯುತ್ತದೆ ಎಂದು ಅದರ ಮೇಲೆ ಅಂಕಿಯಲ್ಲಿ ಅಚ್ಚಾಗಿರಬೇಕು, ಆ ಅಂಕಿ ನಮ್ಮ ಲೇಸರಿಗೆ ಸರಿಹೊಂದಬೇಕು.

ಬಸವಪ್ರಭುವಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. “ಭಾನುವಾರ ಕಣ್ಣಿಗೆ ಒಂದ್ಸಲ ಫಳಕ್ ಅಂದಿತ್ತು. ಆದ್ರೆ ನೋವೇ ಆಗ್ಲಿಲ್ಲವಲ್ಲ ಮೇಡಂ,” ಎಂದ. ಆ ಮಾತನ್ನು ಡಾಕ್ಟರ ಹತ್ತಿರ ಕೇಳಿ, ನಾಳೆಯೇ ಹೋಗಿ ಎಂದು ಶಕೀಲಾ ಚೀಟಿ ಬರೆದುಕೊಟ್ಟರು. ಭಾನುವಾರವೇ ಹೋಗಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದೂ ಹೇಳಿದರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಮಿಂಚು ಹೊಡೆದದ್ದು ಎಲ್ಲಿಂದ ಎಂದು ಆಶಾರಾಣಿ ಕೇಳಿದಳು. ಹೇಳಬಾರದಿತ್ತು, ಹೇಳಿಬಿಟ್ಟ.

“ಆ ಮುಚ್ಚಳ ನಾನ ಇಟ್ಟಿದ್ದೆ,” ಎಂದು ಅವಳು ಕೂತುಬಿಟ್ಟಳು. ಅವಳ ಕಣ್ಣಲ್ಲಿ ನೀರು ತುಂಬಿತು. ಕಾಫಿ ಮುಚ್ಚಿಟ್ಟದ್ದು ತಪ್ಪಾಗುವುದು ಹೇಗೆ, ಹೊಳೆಯುವ ಸಾಮಾನು ಇರುವ ಮೇಜಿನ ಮೇಲೆ ಅಂಥ ಬೆಳಕು ಹಚ್ಚಿದ್ದು ತನ್ನ ತಪ್ಪು ಎಂದು ಅವನು ಎಷ್ಟು ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ.

ಶುಕ್ರವಾರ ಇಬ್ಬರೂ ಕಣ್ಣಾಸ್ಪತ್ರೆಗೆ ಹೋದರು. ಔಷಧಿ ಬಿಟ್ಟು, ಪಾಪೆ ಅಗಲ ಮಾಡಿ, ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದೆ ಒಂದು ಪರದೆ ಇರುತ್ತದೆ, ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಬೇಕಾದ ಜಾಗ ಅದರ ನಟ್ಟ ನಡುವೆ ಇದೆ, ಅಲ್ಲಿ ಸಾಸಿವೆಗಿಂತ ಚಿಕ್ಕದಾದ ಸುಟ್ಟ ಗಾಯವಾಗಿದೆ ಎಂದರು. ನೋವು ಯಾಕಾಗಲಿಲ್ಲ ಎಂದರೆ ಆ ಪರದೆಗೆ ನೋವು ತಿಳಿಯುವ ಶಕ್ತಿಯೇ ಇಲ್ಲ. ಕೈ ಸುಟ್ಟರೆ ಎಳೆದುಕೊಳ್ಳುತ್ತೇವೆ, ಅದು ಸುಟ್ಟರೆ ಗೊತ್ತೇ ಆಗುವುದಿಲ್ಲ. ಫುಟ್‌ಪಾತಿನಲ್ಲಿ ಸಿಗುವ ಕೀಚೈನ್ ಲೇಸರನ್ನೂ ಕಣ್ಣಿಗೆ ಬಿಡಬಾರದು. ಡಿವಿಡಿ ರೈಟರಿನದು ಅದಕ್ಕಿಂತ ನೂರು ಪಟ್ಟು ಜೋರಿರಬಹುದು. ರೆಪ್ಪೆ ಬಡಿಯುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತದೆ.

ವಾಸಿಯಾಗುತ್ತದೆಯೇ ಎಂದು ಆಶಾರಾಣಿ ಕೇಳಿದಳು. ತಿಂಗಳುಗಳು ಕಳೆದಂತೆ ಒಂದಷ್ಟು ಕಡಿಮೆಯಾಗಬಹುದು, ಆಗದೆಯೂ ಇರಬಹುದು, ಖಂಡಿತ ಸರಿಹೋಗುತ್ತದೆಂದು ಹೇಳಿ ಕಳಿಸುವ ಔಷಧಿ ತನ್ನ ಹತ್ತಿರ ಇಲ್ಲ ಎಂದರು ಡಾಕ್ಟರಮ್ಮ. ಆ ಮಾತನ್ನು ಅವರು ಮೆಲ್ಲಗೆ ಹೇಳಿದರು. ಎಡಗಣ್ಣು ಚೆನ್ನಾಗಿದೆ, ಅದನ್ನು ಕಾಪಾಡಿಕೊಳ್ಳಿ ಎಂದರು.

ಆಟೋದಲ್ಲಿ ಬರುವಾಗ ಔಷಧಿಯ ದೆಸೆಯಿಂದ ಬೆಳಕೆಲ್ಲ ಕುಕ್ಕುತ್ತಿತ್ತು. ಬಸವಪ್ರಭು ಕರ್ಚೀಫಿನಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದ. ಆಗ ಅವನಿಗೆ ಭಾನುವಾರದ ಪೆಂಡಾಲ್ ನೆನಪಾಯಿತು. ಮುಂದಿನ ಸಾಲಿನಲ್ಲಿ ನಾಡಗೀತೆ ಹಾಡಲು ನಿಲ್ಲುವ ಮಕ್ಕಳು, ಅವರಲ್ಲಿ ಶಿವಾನಿ. ಅವರ ಹಿಂದೆ ಮುನ್ನೂರು ಜನ, ಅಂದರೆ ಆರುನೂರು ಕಣ್ಣು. ತನ್ನ ಒಂದು ಕಣ್ಣಿನ ಚಿಂತೆ ಅವನಿಗೆ ಆ ಕ್ಷಣ ಮರೆತೇಹೋಯಿತು.

ಶನಿವಾರ ಬೆಳಿಗ್ಗೆ ಕೆಳಗಿಳಿದು ರಾಮಾಂಜಿನಪ್ಪನವರಿಗೆ ವಿಷಯ ತಿಳಿಸಿದ. ಶೋ ಬೇಡ ಎಂದ. ಅವರಿಗೆ ರೇಗಿತು. ಕರಪತ್ರ ಹಂಚಿಯಾಗಿದೆ, ಪಕ್ಕದ ರಸ್ತೆಯವರನ್ನು ಕರೆದಾಗಿದೆ, ಈಗ ಏನೆಂದು ಮುಖ ತೋರಿಸಲಿ ಎಂದರು. ಮಕ್ಕಳ ಕೈಯಲ್ಲೂ ಕೆಂಪು ಲೈಟಿನ ಕೀಚೈನು ಇರುತ್ತದೆ, ಯಾರ ಕಣ್ಣು ಹೋಗಿದೆ ಎಂದರು. ನಿನ್ನ ಬೆಳಕು ಗರಗರ ತಿರುಗುತ್ತಿರುತ್ತದೆ, ಒಂದೇ ಕಡೆ ನಿಂತರೆ ತಾನೇ ಸುಡುವುದು ಎಂಬುದು ಅವರ ದೊಡ್ಡ ವಾದ. ನಿಜ ಹೇಳಬೇಕೆಂದರೆ ಆ ವಾದಕ್ಕೆ ಬಸವಪ್ರಭುವೇ ತಬ್ಬಿಬ್ಬಾದ. ತಿರುಗುವಾಗ ಸುಡುವುದಿಲ್ಲವೇನೋ? ತಾನೇ ಹೆಚ್ಚು ಹೆದರಿದೆನೇನೋ? ಅಷ್ಟರಲ್ಲಿ ಎಂದಿನಂತೆ ಕರೆಂಟು ಹೋಯಿತು. ತಲೆಯ ಮೇಲಿನ ಫ್ಯಾನು ನಿಧಾನವಾಗಿ ತಿರುಗಿ ತಿರುಗಿ ನಿಂತಿತು. ಬಸವಪ್ರಭು ಅದನ್ನೇ ನೋಡಿದ.

“ಸಾರ್, ಕನ್ನಡಿ ತಿರುಗ್ಸೋ ಫ್ಯಾನು ಕರೆಂಟಲ್ಲಿ ಓಡೋದು. ಲೇಸರ್ ಬ್ಯಾಟ್ರಿದು. ಕರೆಂಟ್ ಹೋದ್ರೆ ಫ್ಯಾನು ನಿಲ್ಲುತ್ತೆ, ಬೆಳಕು ನಿಲ್ಲಲ್ಲ. ಅದು ಒಂದೇ ಕಡೆ ನೆಟ್ಟಿರುತ್ತೆ. ಯಾರ್ ಮುಖದ ಮೇಲೆ ಅಂತ ಯಾರಿಗೆ ಗೊತ್ತು?”

ರಾಮಾಂಜಿನಪ್ಪ ಮೀಸೆ ತಿರುವಿದರು. ಬೆಳಕು ಹೋಗುವುದು ಪರದೆಯ ಕಡೆಗೆ, ಜನ ಕೂರುವುದು ಈ ಕಡೆಗೆ, ಅದು ಹಿಂದಕ್ಕೆ ಯಾಕೆ ಬಂದೀತು ಎಂದರು. ಬಾಯಿಮಾತಿಗೆ ಬಗ್ಗುವ ಆಸಾಮಿಯಲ್ಲ ಅವರು. ಬಸವಪ್ರಭು ಅವರನ್ನು ಪೆಂಡಾಲಿಗೆ ಕರೆದುಕೊಂಡು ಹೋದ. ವೇದಿಕೆಯ ನಡುವೆ ಭುವನೇಶ್ವರಿಯ ದೊಡ್ಡ ಪಟ ಇಟ್ಟಿದ್ದರು. ಪಟಕ್ಕೆ ಗಾಜಿನ ಕಟ್ಟು. ಲೇಸರನ್ನು ಅವನು ಮುಟ್ಟಲಿಲ್ಲ. ಅದನ್ನು ಇಡಬೇಕಾಗಿದ್ದ ಜಾಗದಲ್ಲಿ ಮನೆಯ ಸಾದಾ ಟಾರ್ಚ್ ಹಿಡಿದು, ಪರದೆಯ ಮೇಲೆ ಮೆಲ್ಲಗೆ ಆಡಿಸಿದ. ರಾಮಾಂಜಿನಪ್ಪನವರ ಹೆಂಡತಿ ಮುನಿಶಾಮಮ್ಮ ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ಚೆಂಡುಹೂ ಕಟ್ಟುತ್ತಿದ್ದರು. ಟಾರ್ಚಿನ ಬೆಳಕು ಪಟದ ಗಾಜಿಗೆ ತಾಗಿತು, ಅಲ್ಲಿಂದ ಹಿಂದಿರುಗಿ ಬಂದು ಅವರ ಮುಖದ ಮೇಲೆ ಬಿತ್ತು.

“ಅದ್ಯಾವನು ಬ್ಯಾಟ್ರಿ ಬಿಡೋನು, ಕಣ್ಣು ಕುಕ್ತದೆ,” ಎಂದು ಮುನಿಶಾಮಮ್ಮ ಕೈ ಅಡ್ಡ ಹಿಡಿದರು.

ರಾಮಾಂಜಿನಪ್ಪ ಹೆಂಡತಿಯ ಕಡೆ ನೋಡಿದರು. ಪಟದ ಕಡೆ ನೋಡಿದರು. ಬಸವಪ್ರಭುವಿನ ಕೈಯಲ್ಲಿದ್ದ ಟಾರ್ಚಿನ ಕಡೆ ನೋಡಿದರು. “ಆರ್ಸಪ್ಪ ಅದ್ನ,” ಎಂದಷ್ಟೇ ಹೇಳಿ ಪಕ್ಕದ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ, ಶೋ ಇಲ್ಲವಾದರೆ ಜನಕ್ಕೆ ಏನು ತೋರಿಸುವುದು ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ.

ಭಾನುವಾರ ಸಂಜೆ ಪೆಂಡಾಲ್ ತುಂಬಿತ್ತು. ನಾಡಗೀತೆ ಆಯಿತು. ಆಮೇಲೆ ಬಸವಪ್ರಭು ಮೈಕಿನ ಮುಂದೆ ನಿಂತ. ಭಾಷಣ ಮಾಡಿ ಅಭ್ಯಾಸವಿಲ್ಲದ ಮನುಷ್ಯ, ಮೊದಲು ಎರಡು ಸಲ ಕೆಮ್ಮಿದ. ಲೇಸರ್ ಶೋ ಯಾಕಿಲ್ಲವೆಂದು ಇದ್ದದ್ದು ಇದ್ದ ಹಾಗೆ ಹೇಳಿದ. ತನ್ನ ಬಲಗಣ್ಣಿಗೆ ಎದುರಿಗೆ ಕೂತವರ ಕಿವಿ ಕಾಣುತ್ತದೆ, ತಲೆಗೂದಲು ಕಾಣುತ್ತದೆ, ಮುಖ ಕಾಣುವುದಿಲ್ಲ ಎಂದ. ಗಲಾಟೆ ಮಾಡುತ್ತಿದ್ದ ಹಿಂದಿನ ಸಾಲಿನವರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಶಾರಾಣಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಂದು ಅವಳು ಗಂಡನ ಬಗ್ಗೆ ಪಟ್ಟಷ್ಟು ಹೆಮ್ಮೆ ಕಡ್ಡಿಗೆ ಬೆಂಕಿ ಹೊತ್ತಿಸಿದ ದಿನ ಪಟ್ಟಿರಲಿಲ್ಲ.

ಶಕೀಲಾ ಮೇಡಮ್ಮನ್ನೂ ಕರೆಸಿದ್ದರು. ಚೌಕದ ಹಾಳೆಯ ಮುನ್ನೂರು ಪ್ರತಿ ಜೆರಾಕ್ಸ್ ಆಗಿ ಬಂದಿದ್ದವು. ಒಂದೊಂದು ಕೈಗೂ ಒಂದೊಂದು ಹಾಳೆ. ಓದುವ ಕನ್ನಡಕವಿದ್ದವರು ಹಾಕಿಕೊಳ್ಳಿ, ಹಾಳೆಯನ್ನು ಓದುವಷ್ಟು ದೂರದಲ್ಲಿ ಹಿಡಿಯಿರಿ, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಿ, ಆಮೇಲೆ ಇನ್ನೊಂದು ಕಣ್ಣು ಎಂದು ಶಕೀಲಾ ಮೈಕಿನಲ್ಲಿ ಹೇಳಿಕೊಟ್ಟರು. ಪಕ್ಕದ ರಸ್ತೆಯವರೂ ಸೇರಿ ಇಡೀ ಪೆಂಡಾಲ್ ಒಂದು ಕಣ್ಣಿಗೆ ಕೈ ಮುಚ್ಚಿಕೊಂಡು ಕೂತಿತು. ನೋಡಲು ತಮಾಷೆಯಾಗಿತ್ತು. ಮಕ್ಕಳು ಕಿಸಕ್ಕೆಂದವು.

ಮೊದಲ ಸಾಲಿನಲ್ಲಿ ರಾಮಾಂಜಿನಪ್ಪ ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ತಿರುಗಿಸಿ ಹಿಡಿದರು. ಕೊನೆಗೆ ಬಸವಪ್ರಭುವನ್ನು ಹತ್ತಿರ ಕರೆದರು.

“ಪ್ರಭು, ಈ ಗೆರೆನೆಲ್ಲ ಯಾಕಪ್ಪ ಸೊಟ್ಟಕ್ಕೆ ಎಳ್ದವ್ರೆ?”

ಬಸವಪ್ರಭು ತನ್ನ ಎಡಗಣ್ಣಿನಿಂದ ಅವರ ಹಾಳೆ ನೋಡಿದ. ಗೆರೆಗಳೆಲ್ಲ ನೆಟ್ಟಗಿದ್ದವು. ಅವನು ಶಕೀಲಾ ಕಡೆ ನೋಡಿದ. ಮುನಿಶಾಮಮ್ಮ ಗಂಡನ ಕೈಯಿಂದ ಹಾಳೆ ಕಿತ್ತುಕೊಂಡು ತಾವು ನೋಡಿ, ನೆಟ್ಟಗೇ ಇದೆಯಲ್ಲ ಎಂದರು. ಗಂಡನ ಮುಖ ಸಣ್ಣದಾಯಿತು. ಸೋಮವಾರ ಬೆಳಿಗ್ಗೆ ಮೊದಲ ಆಟೋದಲ್ಲಿ ರಾಮಾಂಜಿನಪ್ಪ ಕಣ್ಣಾಸ್ಪತ್ರೆಗೆ ಹೋದರು. ಜೊತೆಗೆ ಹೋದವನು ಬಸವಪ್ರಭು. ಅದು ವಯಸ್ಸಿನಿಂದ ಬರುವ ಬೇರೆಯೇ ತೊಂದರೆ, ಬೇಗ ಬಂದಿರಿ, ಉಳಿಸಿಕೊಳ್ಳಬಹುದು ಎಂದು ಡಾಕ್ಟರಮ್ಮ ಹೇಳಿದಾಗ ಆ ಗಟ್ಟಿ ಮನುಷ್ಯ ಬಸವಪ್ರಭುವಿನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಬಸವಪ್ರಭು ಈಗ ಎಡಗಣ್ಣಿಗೆ ಭೂತಗನ್ನಡಿ ಹಿಡಿದು ಕೆಲಸ ಮಾಡುತ್ತಾನೆ. ನಿಧಾನ, ಆದರೆ ನಡೆಯುತ್ತದೆ. ಬಲಗಣ್ಣಿನ ಚುಕ್ಕೆ ಚಿಕ್ಕದಾಗಿದೆಯೋ, ತನಗೇ ಅಭ್ಯಾಸವಾಗಿದೆಯೋ ಅವನಿಗೆ ಇಂದಿಗೂ ಸರಿಯಾಗಿ ತಿಳಿಯದು. ಲೇಸರ್ ಹುಚ್ಚು ಬಿಟ್ಟನೇ ಎಂದರೆ ಬಿಟ್ಟಿಲ್ಲ. ಈಗ ಅವನ ಲೇಸರ್ ಒಳಗೆಲ್ಲ ಕಪ್ಪು ಬಳಿದ ಮುಚ್ಚಿದ ಪೆಟ್ಟಿಗೆಯಲ್ಲಿದೆ. ಕೀಲಿ ಹಾಕದೆ ಅದು ಹೊತ್ತುವುದಿಲ್ಲ. ಕೀಲಿ ಇರುವುದು ಆಶಾರಾಣಿಯ ಹತ್ತಿರ. ಕೋಣೆಯಲ್ಲಿ ಮಗಳಿಲ್ಲ, ಮೇಜಿನ ಮೇಲೆ ಹೊಳೆಯುವ ಸಾಮಾನಿಲ್ಲ, ಸರಿಯಾದ ಅಂಕಿಯ ಕನ್ನಡಕ ಗಂಡನ ಮುಖದ ಮೇಲಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಅವಳು ಅದನ್ನು ಕೊಡುವುದು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇಂಥ ಹುಚ್ಚಿನವ ಒಬ್ಬನಿರಬಹುದು. ಅವನನ್ನು ಬೈದು ಫಲವಿಲ್ಲ. ಇಷ್ಟು ಮಾತ್ರ ಹೇಳಿ: ಹಳೆಯ ಡಿವಿಡಿ ರೈಟರಿನಿಂದ ತೆಗೆದ ಡಯೋಡ್ ಆಟದ ಸಾಮಾನಲ್ಲ. ಕನ್ನಡಕದ ಬಣ್ಣ ನೋಡಿ ನಂಬಬೇಡ, ಅದರ ಮೇಲಿನ ಅಂಕಿ ಓದು. ಸರಿಯಾದ ಕನ್ನಡಕ ಹಾಕಿದ್ದರೂ ಕಿರಣದ ಕಡೆಗೆ ಕಣ್ಣಿಡಬೇಡ. ಕಿರಣ ಪೆಟ್ಟಿಗೆಯ ಒಳಗೇ ಇರಲಿ. ಕನ್ನಡಿ, ಗಾಜು, ಸ್ಟೀಲು ಅದರ ದಾರಿಯಲ್ಲಿ ಬೇಡ. ಜನ ಸೇರಿದ ಕಡೆ, ಬಸ್ಸು ಬೈಕು ಓಡಾಡುವ ಕಡೆ, ವಿಮಾನ ಹಾರುವ ಕಡೆ ಅದನ್ನು ತಿರುಗಿಸಲೇಬೇಡ. ಕಣ್ಣಿಗೆ ಒಮ್ಮೆ ಮಿಂಚು ಹೊಡೆದರೂ, ನೋವಿರಲಿ ಇಲ್ಲದಿರಲಿ, ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸು.

ಇವತ್ತು ಊಟವಾದ ಮೇಲೆ ಮನೆಯವರೆಲ್ಲ ಕೂತು ಒಂದು ಚೌಕುಳಿ ಹಾಳೆ ತೆಗೆದುಕೊಳ್ಳಿ. ನಡುವೆ ಒಂದು ಚುಕ್ಕೆ ಇಡಿ. ಅಜ್ಜಿಯಿಂದ ಹಿಡಿದು ಮೊಮ್ಮಗಳವರೆಗೆ ಒಬ್ಬೊಬ್ಬರೇ ಒಂದೊಂದು ಕಣ್ಣು ಮುಚ್ಚಿ ನೋಡಲಿ. ಯಾರಿಗಾದರೂ ಗೆರೆ ಸೊಟ್ಟ ಕಂಡರೆ, ಅವರ ಕೈ ಹಿಡಿದುಕೊಂಡು ನಾಳೆ ಬೆಳಿಗ್ಗೆಯೇ ಹೊರಡಿ.